ಬಡವರ ರೊಟ್ಟಿಯೂ ದೇವರ ಬಲಿಪೀಠವೂ: ಧರ್ಮಾಧ್ಯಕ್ಷ ಬಾರ್ತೊಲೊಮೆ ದೆ ಲಾಸ್ ಕಾಸಾಸ್‌ರವರ ಜೀವನ

ಶತಮಾನೋತ್ಸವದ ಈ ಪುಣ್ಯ ವರ್ಷದಲ್ಲಿ ನಾವು ನಮ್ಮ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ದೇವಾಲಯಕ್ಕೆ ಕಲ್ಲು ಹೊತ್ತವರು, ಗಾರೆ ಕಲಸಿದವರು, ಗಂಟೆಯನ್ನು ಮೇಲೇರಿಸಿದವರು, ಇವರೆಲ್ಲರ ಹೆಸರುಗಳು ದಾಖಲೆಗಳಲ್ಲಿ ಇರಲಿಕ್ಕಿಲ್ಲ. ಆದರೆ ನಮ್ಮ ಬಲಿಪೀಠ ನಿಂತಿರುವುದು ಅವರ ದುಡಿಮೆಯ ಮೇಲೆ. ಆ ಬಲಿಪೀಠದಲ್ಲಿ ಅರ್ಪಿತವಾಗುವ ರೊಟ್ಟಿ ಯಾರ ಬೆವರಿನಿಂದ ಬಂದಿತು, ಆ ಬೆವರಿಗೆ ನ್ಯಾಯ ದೊರಕಿತೇ ಎಂಬ ಪ್ರಶ್ನೆಯನ್ನು ಪವಿತ್ರ ಗ್ರಂಥ ನಮ್ಮ ಮುಂದಿಡುತ್ತದೆ. ಐನೂರು ವರ್ಷಗಳ ಹಿಂದೆ ಒಬ್ಬ ಗುರುಗಳು ಆ ಪ್ರಶ್ನೆಯನ್ನು ಓದಿದರು. ಓದಿದ ಮೇಲೆ ಹಿಂದಿನಂತೆ ಬದುಕಲಾರದೆ ಹೋದರು. ಅವರೇ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ದೇವರ ವಾಕ್ಯವು ಒಂದು ನಾಡಿನ ಚರಿತ್ರೆಯನ್ನು ಹೇಗೆ ಕಟಕಟೆಯಲ್ಲಿ ನಿಲ್ಲಿಸಬಲ್ಲದು ಎಂಬುದಕ್ಕೆ ಅವರ ಜೀವನ ಸಾಕ್ಷಿಯಾಗಿದೆ.

ಲಾಸ್ ಕಾಸಾಸ್‌ರವರು ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಒಬ್ಬ ವರ್ತಕರ ಮಗನಾಗಿ ಜನಿಸಿದರು. ಅವರು ಹುಟ್ಟಿದ್ದು 1484ರಲ್ಲಿ ಎಂದು ಈಗಿನ ಸಂಶೋಧಕರು ನಿರ್ಣಯಿಸಿದ್ದಾರೆ. 1493ರ ಗರಿಗಳ ಭಾನುವಾರದ ವೇಳೆಗೆ ಕೊಲಂಬಸ್ ತನ್ನ ಮೊದಲ ಯಾನ ಮುಗಿಸಿ ಸೆವಿಲ್ಲಿಗೆ ಬಂದಾಗ, ಆತನು ಕರೆತಂದಿದ್ದ ದ್ವೀಪವಾಸಿಗಳನ್ನೂ ಹಸಿರು ಗಿಳಿಗಳನ್ನೂ ಬಾಲಕ ಬಾರ್ತೊಲೊಮೆ ಬೀದಿಯಲ್ಲಿ ನಿಂತು ಕಂಡನು. ಅದೇ ವರ್ಷ ಅವನ ತಂದೆ ಕೊಲಂಬಸನ ಎರಡನೆಯ ಯಾನದಲ್ಲಿ ಹೊರಟು, ಕೆಲವು ವರ್ಷಗಳ ಬಳಿಕ ಹಿಂದಿರುಗುವಾಗ ಒಬ್ಬ ದ್ವೀಪವಾಸಿ ಯುವಕನನ್ನು ಮಗನ ಸೇವೆಗೆಂದು ತಂದರು. 1500ರಲ್ಲಿ ರಾಣಿ ಇಸಬೆಲ್ಲಾ ಅಂಥವರನ್ನು ಬಿಡುಗಡೆ ಮಾಡಬೇಕೆಂದು ಆಜ್ಞಾಪಿಸಿದ್ದರಿಂದ ಆ ಯುವಕನು ಬಿಡುಗಡೆ ಹೊಂದಿದನು.

1502ರಲ್ಲಿ, ನಿಕೊಲಾಸ್ ದೆ ಒವಾಂದೊ ಎಂಬ ರಾಜ್ಯಪಾಲನ ಹಡಗುಪಡೆಯೊಡನೆ, ಲಾಸ್ ಕಾಸಾಸ್‌ರವರು ಎಸ್ಪಾನ್ಯೋಲಾ ದ್ವೀಪಕ್ಕೆ ಬಂದಿಳಿದರು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಎಂಬ ಎರಡು ದೇಶಗಳು ಇರುವುದು ಆ ದ್ವೀಪದಲ್ಲಿಯೇ. ಅಲ್ಲಿ ಎಂಕೊಮಿಯೆಂದಾ ಎಂಬ ಪದ್ಧತಿ ಬೇರೂರುತ್ತಿತ್ತು. ರಾಜ್ಯಪಾಲನು ಇಂತಿಷ್ಟು ಮೂಲನಿವಾಸಿಗಳನ್ನು ಒಬ್ಬ ಸ್ಪೇನ್‌ನವನ ವಶಕ್ಕೆ ಒಪ್ಪಿಸುವನು. ಅವರಿಂದ ದುಡಿಸಿಕೊಳ್ಳುವ ಹಕ್ಕು ಒಡೆಯನದು, ಅವರಿಗೆ ಕ್ರೈಸ್ತ ವಿಶ್ವಾಸವನ್ನು ಬೋಧಿಸುವ ಹೊಣೆಯೂ ಅವನದೇ. ಬೋಧನೆ ಕಾಗದದಲ್ಲಿ ಉಳಿಯಿತು, ದುಡಿಮೆ ಮಾತ್ರ ನಡೆಯಿತು. ಚಿನ್ನದ ಗಣಿಗಳಲ್ಲಿ, ಹೊಲಗಳಲ್ಲಿ ಜನರು ಹಸಿವು, ರೋಗ, ದಣಿವುಗಳಿಂದ ಸತ್ತರು. ಲಾಸ್ ಕಾಸಾಸ್‌ರವರೂ ಅಂತಹ ಒಡೆಯರಲ್ಲಿ ಒಬ್ಬರಾಗಿದ್ದರು. ಗುರುದೀಕ್ಷೆ ಪಡೆದ ಮೇಲೂ ಒಡೆತನವನ್ನು ಬಿಡಲಿಲ್ಲ. ಅವರು ಕ್ರೂರಿಯಾಗಿರಲಿಲ್ಲ, ತಮ್ಮ ಆಳುಗಳನ್ನು ಮೃದುವಾಗಿಯೇ ನಡೆಸಿಕೊಂಡರು. ಮೃದುವಾದ ಅನ್ಯಾಯವೂ ಅನ್ಯಾಯವೇ ಎಂಬುದು ಅವರಿಗೆ ಆಗ ತಿಳಿಯಲಿಲ್ಲ.

1510ರಲ್ಲಿ ಡೊಮಿನಿಕನ್ ಸಭೆಯ ಗುರುಗಳು ಆ ದ್ವೀಪಕ್ಕೆ ಬಂದರು. 1511ರ ಆಗಮನ ಕಾಲದ ಕೊನೆಯ ಭಾನುವಾರ ಅವರಲ್ಲೊಬ್ಬರಾದ ಆಂತೊನಿಯೊ ದೆ ಮೊಂತೆಸಿನೊಸ್‌ರವರು ಅಧಿಕಾರಿಗಳೂ ಭೂಒಡೆಯರೂ ತುಂಬಿದ್ದ ದೇವಾಲಯದಲ್ಲಿ ಪ್ರಬೋಧನೆ ಮಾಡಿದರು. ಅಡವಿಯಲ್ಲಿ ಕೂಗುವ ಸ್ನಾನಿಕ ಯೊವಾನ್ನರ ದನಿಯನ್ನೇ ವಿಷಯವಾಗಿರಿಸಿಕೊಂಡು, ಆ ದ್ವೀಪವೇ ಅಡವಿಯೆಂದೂ ಕೂಗುವ ದನಿ ತಾವೆಂದೂ ಅವರು ಸಾರಿದರು. ಈ ಜನರು ಮನುಷ್ಯರಲ್ಲವೇ, ಅವರನ್ನು ಪ್ರೀತಿಸುವುದು ನಿಮ್ಮ ಕರ್ತವ್ಯವಲ್ಲವೇ ಎಂದು ಕೇಳಿ ಒಡೆಯರನ್ನು ಕೆರಳಿಸಿದರು. ಆದರೆ ಲಾಸ್ ಕಾಸಾಸ್‌ರವರ ಹೃದಯ ಆಗಲೂ ಕರಗಲಿಲ್ಲ. ಮೂಲನಿವಾಸಿಗಳನ್ನು ಇರಿಸಿಕೊಂಡಿದ್ದ ಕಾರಣಕ್ಕಾಗಿ ಒಬ್ಬ ಡೊಮಿನಿಕನ್ ಗುರುಗಳು ಪಾಪನಿವೇದನೆಯಲ್ಲಿ ಅವರಿಗೆ ಕ್ಷಮೆಯನ್ನು ನಿರಾಕರಿಸಿದಾಗ, ಅವರು ವಾದಿಸಿ ಹಿಂದಿರುಗಿದರು. ಆದರೆ ಆ ನಿರಾಕರಣೆ ಮುಳ್ಳಿನಂತೆ ಒಳಗೆ ಉಳಿಯಿತು.

ಬಳಿಕ ಅವರು ಕ್ಯೂಬಾ ದ್ವೀಪವನ್ನು ಗೆಲ್ಲಲು ಹೊರಟ ಸೈನ್ಯಕ್ಕೆ ಗುರುಗಳಾಗಿ ಹೋದರು. 1513ರಲ್ಲಿ ಕಾವೊನಾವೊ ಎಂಬ ಹಳ್ಳಿಯಲ್ಲಿ ನಡೆದ ಘಟನೆಯನ್ನು ಅವರು ಜೀವನಪರ್ಯಂತ ಮರೆಯಲಿಲ್ಲ. ಆ ದಿನ ಬೆಳಿಗ್ಗೆ ಸೈನಿಕರು ದಾರಿಯ ಒಣಹಳ್ಳದಲ್ಲಿ ಸಾಣೆಕಲ್ಲುಗಳನ್ನು ಕಂಡು ತಮ್ಮ ಕತ್ತಿಗಳನ್ನು ಮಸೆದುಕೊಂಡಿದ್ದರು. ಹಳ್ಳಿಯ ಜನರು ಅವರಿಗೆ ಮೀನನ್ನೂ ಮರಗೆಣಸಿನ ರೊಟ್ಟಿಯನ್ನೂ ನೀಡಿ, ಎಂದೂ ಕಾಣದ ಕುದುರೆಗಳನ್ನು ಬೆರಗಿನಿಂದ ನೋಡುತ್ತ ಕುಳಿತಿದ್ದರು. ಇದ್ದಕ್ಕಿದ್ದಂತೆ ಒಬ್ಬನು ಕತ್ತಿ ಹಿರಿದನು; ಉಳಿದವರೂ ಹಿರಿದರು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಂಬ ಭೇದವಿಲ್ಲದೆ ಕೊಲೆ ನಡೆಯಿತು. ಲಾಸ್ ಕಾಸಾಸ್‌ರವರು ತಡೆಯಲು ಓಡಾಡಿದರು, ತಡೆಯಲಾಗಲಿಲ್ಲ. ಇಷ್ಟಾದರೂ, ಕ್ಯೂಬಾದಲ್ಲಿ ದೊರೆತ ಭೂಮಿಯನ್ನೂ ಜನರನ್ನೂ ಅವರು ಸ್ವೀಕರಿಸಿ, ಪೆದ್ರೊ ದೆ ರೆಂತೆರಿಯಾ ಎಂಬ ಸ್ನೇಹಿತನೊಡನೆ ವ್ಯವಸಾಯ ಮಾಡತೊಡಗಿದರು.

1514ರ ಪೆಂತೆಕೋಸ್ತ್ ಹಬ್ಬ ಹತ್ತಿರವಾಗಿತ್ತು. ಹಬ್ಬದ ಪ್ರಬೋಧನೆಗಾಗಿ ಪವಿತ್ರ ಗ್ರಂಥವನ್ನು ತೆರೆದಾಗ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿದ್ದಿತು. ಅನ್ಯಾಯದಿಂದ ಗಳಿಸಿದ್ದನ್ನು ಅರ್ಪಿಸಿದರೆ ದೇವರು ಮೆಚ್ಚುವುದಿಲ್ಲ. ಬಡವರ ಆಸ್ತಿಯಿಂದ ಬಲಿ ಅರ್ಪಿಸುವವನು ತಂದೆಯ ಕಣ್ಣೆದುರಿಗೇ ಮಗನನ್ನು ಕೊಂದವನಿಗೆ ಸಮಾನ. ರೊಟ್ಟಿಯೇ ಬಡವರ ಜೀವ, ಅದನ್ನು ಕಸಿಯುವವನು ಕೊಲೆಗಾರ ಎಂಬುದು ಆ ಭಾಗದ ತಾತ್ಪರ್ಯ. ತಾವು ದಿನವೂ ಎತ್ತಿ ಅರ್ಪಿಸುವ ರೊಟ್ಟಿ ಎಲ್ಲಿಂದ ಬಂದಿತು? ಮೊಂತೆಸಿನೊಸ್‌ರವರ ಪ್ರಬೋಧನೆ, ಪಾಪನಿವೇದನೆಯಲ್ಲಿ ಕೇಳಿದ ನಿರಾಕರಣೆ, ಕಾವೊನಾವೊದ ಮರಗೆಣಸಿನ ರೊಟ್ಟಿ, ಇವೆಲ್ಲವೂ ಆ ಕೆಲವು ಸಾಲುಗಳ ಬೆಳಕಿನಲ್ಲಿ ಒಂದಾದವು. ಕೆಲವು ದಿನಗಳ ಧ್ಯಾನದ ನಂತರ, ಈ ಜನರಿಗೆ ಮಾಡುತ್ತಿರುವುದೆಲ್ಲವೂ ಅನ್ಯಾಯವೆಂಬ ನಿಶ್ಚಯಕ್ಕೆ ಅವರು ಬಂದರು. ದೇವಮಾತೆಯ ಸ್ವರ್ಗಸ್ವೀಕಾರದ ದಿನವಾದ ಆಗಸ್ಟ್ 15ರಂದು ಸಭೆಯ ಮುಂದೆಯೇ ತಮ್ಮ ವಶದಲ್ಲಿದ್ದ ಜನರನ್ನು ಬಿಟ್ಟುಕೊಟ್ಟಿರುವುದನ್ನು ಪ್ರಕಟಿಸಿ, ಕೇಳುತ್ತಿದ್ದವರೂ ಹಾಗೆ ಮಾಡದೆ ರಕ್ಷಣೆ ಹೊಂದಲಾರರೆಂದು ಎಚ್ಚರಿಸಿದರು. ಜನರು ಬೆರಗಾದರು, ಅನುಸರಿಸಿದವರು ಬಹಳ ವಿರಳ. ಆ ವೇಳೆಗೆ ಬೇರೊಂದು ದ್ವೀಪದಲ್ಲಿದ್ದ ರೆಂತೆರಿಯಾನು ಮಾತ್ರ ಅಂತಹುದೇ ಕರುಣೆಯ ಆಲೋಚನೆಯೊಡನೆ ಹಿಂದಿರುಗಿ, ಗೆಳೆಯನ ಪಯಣಕ್ಕೆ ನೆರವಾದನು.

1515ರಲ್ಲಿ ಲಾಸ್ ಕಾಸಾಸ್‌ರವರು ಸ್ಪೇನಿಗೆ ತೆರಳಿ ವೃದ್ಧ ರಾಜ ಫರ್ಡಿನೆಂಡರನ್ನು ಕಂಡರು. ಮರು ತಿಂಗಳೇ ರಾಜರು ಮರಣ ಹೊಂದಿದರು. ರಾಜ್ಯಭಾರ ವಹಿಸಿಕೊಂಡ ಕಾರ್ಡಿನಲ್ ಸಿಸ್ನೆರೊಸ್‌ರವರು 1516ರಲ್ಲಿ ಅವರನ್ನು ಮೂಲನಿವಾಸಿಗಳ ರಕ್ಷಕರನ್ನಾಗಿ ನೇಮಿಸಿದರು.

ಇಲ್ಲಿ ಅವರ ಜೀವನದ ಕಪ್ಪು ಪುಟವನ್ನೂ ನಾವು ಮುಚ್ಚಿಡಬಾರದು. ಮೂಲನಿವಾಸಿಗಳ ಹೊರೆ ಇಳಿಸಬೇಕೆಂಬ ಆತುರದಲ್ಲಿ, ಅವರ ಬದಲಿಗೆ ಗುಲಾಮರನ್ನು, ಆಫ್ರಿಕದವರನ್ನೂ ಸಹ, ತರಿಸಬಹುದೆಂದು ಅವರು ಆ ವರ್ಷಗಳಲ್ಲಿ ಸಲಹೆ ಕೊಟ್ಟರು. ಆ ವ್ಯಾಪಾರ ಅವರಿಂದ ಆರಂಭವಾದುದಲ್ಲ ನಿಜ. ಆದರೂ ಒಬ್ಬರ ಕಣ್ಣೀರನ್ನು ಒರೆಸಲು ಇನ್ನೊಬ್ಬರ ಕಣ್ಣೀರನ್ನು ಬೆಲೆಯಾಗಿ ಕೊಟ್ಟಂತಾಯಿತು. ಆಫ್ರಿಕದವರನ್ನು ಸೆರೆಹಿಡಿದ ರೀತಿಯನ್ನು ಮುಂದೆ ತಿಳಿದಾಗ, ಅವರ ದಾಸ್ಯವೂ ಅಷ್ಟೇ ಅನ್ಯಾಯವೆಂದು ತಮ್ಮ ಚರಿತ್ರೆಯ ಗ್ರಂಥದಲ್ಲಿಯೇ ಬರೆದರು. ತಮ್ಮ ಅಜ್ಞಾನವು ದೇವರ ನ್ಯಾಯಾಸನದ ಮುಂದೆ ತಮ್ಮನ್ನು ಉಳಿಸೀತೆಂಬ ಭರವಸೆ ತಮಗಿಲ್ಲವೆಂದೂ ಒಪ್ಪಿಕೊಂಡರು. ಇತರರ ಪಾಪವನ್ನು ಖಂಡಿಸುವ ಪ್ರವಾದಿ ತನ್ನ ಪಾಪವನ್ನೂ ಬರೆದಿಡುವುದು ವಿರಳ. ಈ ಕಾರಣದಿಂದಲೇ ಅವರ ಮಾತಿಗೆ ತೂಕ ಹೆಚ್ಚು ಎಂದು ನಾವು ಭಾವಿಸುತ್ತೇವೆ.

ವೆನೆಜುವೆಲಾದ ಕುಮಾನಾ ಕರಾವಳಿಯಲ್ಲಿ ಶಾಂತಿಯುತ ನೆಲೆಯೊಂದನ್ನು ಸ್ಥಾಪಿಸಲು ಅವರು 1521ರಲ್ಲಿ ಯತ್ನಿಸಿದರು. ಗುಲಾಮರನ್ನು ಹಿಡಿಯಲು ಬಂದವರ ದುಷ್ಕೃತ್ಯದಿಂದ ಕೆರಳಿದ ಜನರ ದಾಳಿಗೆ ಸಿಕ್ಕಿ ಅದು ನಾಶವಾಯಿತು. ಸೋತು ನೊಂದ ಲಾಸ್ ಕಾಸಾಸ್‌ರವರು ಡೊಮಿನಿಕನ್ ಸಭೆಗೆ ಸೇರಿ, ಹಲವು ವರ್ಷಗಳನ್ನು ಮಠದ ಅಧ್ಯಯನದಲ್ಲಿ ಕಳೆದರು. ಆ ಮೌನದಿಂದ ಒಂದು ದೊಡ್ಡ ತತ್ತ್ವ ಹೊರಹೊಮ್ಮಿತು. ಕ್ರಿಸ್ತರು ಶಿಷ್ಯರನ್ನು ಕತ್ತಿಯಿಲ್ಲದೆ ಕಳುಹಿಸಿದರು. ಆದ್ದರಿಂದ ಎಲ್ಲ ಜನಾಂಗಗಳನ್ನೂ ವಿಶ್ವಾಸಕ್ಕೆ ಕರೆಯುವ ಮಾರ್ಗ ಒಂದೇ, ಅದು ಬುದ್ಧಿಗೆ ತಿಳಿಹೇಳಿ ಹೃದಯವನ್ನು ಮೃದುವಾಗಿ ಸೆಳೆಯುವ ಮಾರ್ಗ. 1537ರಲ್ಲಿ ಗ್ವಾಟೆಮಾಲಾದಲ್ಲಿ ಯುದ್ಧದ ನಾಡೆಂದೇ ಕರೆಯಲ್ಪಡುತ್ತಿದ್ದ ಪ್ರದೇಶದಲ್ಲಿ ಇದನ್ನು ಪ್ರಯೋಗಿಸಿದರು. ಗುರುಗಳು ದೇಶಭಾಷೆಯಲ್ಲಿ ಬೈಬಲ್ ಕಥೆಗಳ ಹಾಡುಗಳನ್ನು ಕಟ್ಟಿ, ಮೂಲನಿವಾಸಿ ವರ್ತಕರಿಗೆ ಕಲಿಸಿ ಅವರ ಮೂಲಕ ಒಳನಾಡಿಗೆ ಕಳುಹಿಸಿದರೆಂದು ಪರಂಪರೆ ಹೇಳುತ್ತದೆ. ಆ ನಾಡಿಗೆ ಮುಂದೆ ನಿಜಶಾಂತಿ ಎಂಬ ಅರ್ಥದ ವೆರಾಪಾಸ್ ಎಂಬ ಹೆಸರು ಬಂದಿತು. ಅದೇ 1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಈ ಜನರು ನಿಜವಾದ ಮನುಷ್ಯರೆಂದೂ ವಿಶ್ವಾಸದ ಹೊರಗಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಬಾರದೆಂದೂ ಘೋಷಿಸಿದರು.

1542ರಲ್ಲಿ ಸಾಮ್ರಾಟ ಐದನೆಯ ಚಾರ್ಲ್ಸರು ಹೊಸ ಕಾನೂನುಗಳನ್ನು ಹೊರಡಿಸಿದರು. ಮೂಲನಿವಾಸಿಗಳನ್ನು ಇನ್ನು ಮುಂದೆ ಗುಲಾಮರನ್ನಾಗಿಸುವುದು ನಿಷಿದ್ಧವಾಯಿತು. ಎಂಕೊಮಿಯೆಂದಾ ತಂದೆಯಿಂದ ಮಗನಿಗೆ ಹೋಗಬಾರದೆಂದೂ ವಿಧಿಸಲಾಯಿತು. 1544ರಲ್ಲಿ ಲಾಸ್ ಕಾಸಾಸ್‌ರವರು ಚಿಯಾಪಾಸ್‌ನ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಮರುವರ್ಷದ ತಪಸ್ಸುಕಾಲದಲ್ಲಿ, ಗುಲಾಮರನ್ನು ಬಿಡದವರಿಗೆ ಪಾಪನಿವೇದನೆಯಲ್ಲಿ ಕ್ಷಮೆ ಕೊಡಕೂಡದೆಂದು ತಮ್ಮ ಗುರುಗಳಿಗೆ ಆಜ್ಞಾಪಿಸಿದರು. ತಮಗೆ ಹಿಂದೆ ದೊರೆತ ಕಹಿಮದ್ದನ್ನೇ ತಮ್ಮ ಜನರಿಗೂ ಕೊಟ್ಟರು. ಊರು ದಂಗೆಯೆದ್ದಿತು. ಪೆರುವಿನಲ್ಲಿ ಕಾನೂನಿನ ವಿರುದ್ಧ ಯುದ್ಧವೇ ನಡೆಯಿತು. 1545ರಲ್ಲಿ ಸಾಮ್ರಾಟರು ಉತ್ತರಾಧಿಕಾರದ ನಿಷೇಧವನ್ನು ಹಿಂತೆಗೆದುಕೊಂಡರು. ಧರ್ಮಾಧ್ಯಕ್ಷರು 1547ರಲ್ಲಿ ಸ್ಪೇನಿಗೆ ಹಿಂದಿರುಗಿದರು. ಮತ್ತೆ ಆ ನಾಡನ್ನು ಕಾಣಲಿಲ್ಲ.

ಅವರ ಕೊನೆಯ ಮಹಾಹೋರಾಟ 1550 ಮತ್ತು 1551ರಲ್ಲಿ ವಯ್ಯದೊಲಿದ್ ನಗರದಲ್ಲಿ ವಿದ್ವಾಂಸರ ಸಭೆಯೊಂದರ ಮುಂದೆ ನಡೆಯಿತು. ಎದುರಾಳಿ ಹುವಾನ್ ಖಿನೆಸ್ ದೆ ಸೆಪುಲ್ವೆದಾ ಎಂಬ ಪಂಡಿತರು. ಕೆಲವರು ಸ್ವಭಾವದಿಂದಲೇ ದಾಸರು ಎಂಬ ಅರಿಸ್ಟಾಟಲನ ಮಾತು ಅವರ ಆಧಾರ. ಕಾನಾನ್ ನಾಡಿನ ಯುದ್ಧಗಳನ್ನೂ, ಔತಣಕ್ಕೆ ಜನರನ್ನು ಬಲವಂತಮಾಡಿ ಕರೆತರುವ ಸಂತ ಲೂಕರ ಸಾಮತಿಯನ್ನೂ ತೋರಿಸಿ, ಯುದ್ಧದಿಂದ ಈ ಜನರನ್ನು ಅಧೀನಗೊಳಿಸುವುದು ನ್ಯಾಯವೆಂದು ಅವರು ವಾದಿಸಿದರು. ಲಾಸ್ ಕಾಸಾಸ್‌ರವರ ಕೈಯಲ್ಲಿದ್ದುದೂ ಅದೇ ಗ್ರಂಥ. ಕಾನಾನ್ಯರ ವಿಷಯದ ಆಜ್ಞೆ ಒಂದು ಕಾಲಕ್ಕೆ, ಒಂದು ಜನಾಂಗಕ್ಕೆ ಸಂಬಂಧಿಸಿದ್ದು, ಎಲ್ಲ ಕಾಲಕ್ಕೂ ಮಾದರಿಯಲ್ಲ. ಔತಣದ ಸಾಮತಿಯ ಬಲವಂತ ಆಯುಧದ್ದಲ್ಲ, ಹೃದಯದೊಳಗೆ ದೇವರು ಮಾಡುವ ಪ್ರೇರಣೆ ಎಂದು ಅವರು ಉತ್ತರಿಸಿದರು. ನರಬಲಿ ಕೊಡುವವರ ಮೇಲೆ ಯುದ್ಧ ಧರ್ಮವಲ್ಲವೇ ಎಂಬ ಪ್ರಶ್ನೆಗೆ, ಅಬ್ರಹಾಮರ ಕಥೆಯನ್ನು ನೆನಪಿಸಿ, ಆ ಜನರು ದೇವರೆಂದು ನಂಬಿದ ಶಕ್ತಿಗೆ ತಮ್ಮಲ್ಲಿ ಅತಿ ಅಮೂಲ್ಯವಾದುದನ್ನೇ ಅರ್ಪಿಸಿದರು. ಆ ತಪ್ಪನ್ನು ತಿಳಿಹೇಳಿ ತಿದ್ದಬೇಕೇ ಹೊರತು ಅದಕ್ಕಿಂತ ಹೆಚ್ಚು ಜನರನ್ನು ಕೊಂದು ಅಲ್ಲ ಎಂದರು. ಸಭೆ ಒಮ್ಮತದ ತೀರ್ಪು ಕೊಡಲಿಲ್ಲ. ಆದರೆ ದೊಡ್ಡ ಸಾಮ್ರಾಜ್ಯವೊಂದು ತನ್ನ ಜಯಗಳೇ ನ್ಯಾಯವೋ ಅಲ್ಲವೋ ಎಂದು ಕೇಳಿಕೊಂಡದ್ದು ಚರಿತ್ರೆಯಲ್ಲಿ ಅಪರೂಪ.

ಬರೆಯುತ್ತ, ಬೇಡುತ್ತ, ವಾದಿಸುತ್ತ ಅವರು 1566ರ ಜುಲೈ 18ರಂದು ಮ್ಯಾಡ್ರಿಡ್‌ನಲ್ಲಿ ದೈವಾಧೀನರಾದರು. ಅವರು ಕೊಟ್ಟ ಸಾವುಗಳ ಸಂಖ್ಯೆಗಳು ಹಲವೆಡೆ ಅತಿಶಯವಾದುವೆಂದು ಚರಿತ್ರಕಾರರು ಹೇಳುತ್ತಾರೆ. ಸ್ಪೇನಿನ ವೈರಿಗಳು ಅವರ ಬರಹವನ್ನು ತಮ್ಮ ಸ್ವಾರ್ಥಕ್ಕೆ ಬಳಸಿದ್ದೂ ಉಂಟು. ಆದರೆ ಅವರು ಕಂಡ ಅನ್ಯಾಯ ಸುಳ್ಳಲ್ಲ. ಅವರು ಆಳಿದ ಊರು ಈಗ ಸಾನ್ ಕ್ರಿಸ್ತೊಬಲ್ ದೆ ಲಾಸ್ ಕಾಸಾಸ್ ಎಂದು ಅವರ ಹೆಸರನ್ನೇ ಹೊತ್ತಿದೆ. 1994ರ ಜನವರಿಯಲ್ಲಿ ಭೂಮಿಗಾಗಿ, ಮಾನಕ್ಕಾಗಿ ಅಲ್ಲಿನ ಮೂಲನಿವಾಸಿಗಳು ಆಯುಧ ಹಿಡಿದೆದ್ದಾಗ, ಅವರ ಪೀಠದ ಉತ್ತರಾಧಿಕಾರಿ ಧರ್ಮಾಧ್ಯಕ್ಷ ಸಾಮುಯೆಲ್ ರುಯಿಸ್‌ರವರು ಮಧ್ಯಸ್ಥರಾದರು. ಸಂಧಾನ ನಡೆದದ್ದು ಪ್ರಧಾನಾಲಯದಲ್ಲಿಯೇ. 2023ರ ಮಾರ್ಚ್ 30ರಂದು ವ್ಯಾಟಿಕನ್, ಅನ್ಯರ ನಾಡನ್ನು ಕಂಡುಹಿಡಿದವರಿಗೇ ಅದರ ಒಡೆತನ ಎಂಬ ಹಳೆಯ ಸಿದ್ಧಾಂತವು ಧರ್ಮಸಭೆಯ ಬೋಧನೆಯಲ್ಲವೆಂದು ಪ್ರಕಟಿಸಿತು. ಲಾಸ್ ಕಾಸಾಸ್‌ರವರು ಬಿತ್ತಿದ ಬೀಜ ಫಲಿಸಲು ಎಷ್ಟು ಶತಮಾನಗಳು ಬೇಕಾದವು!

ಪ್ರಿಯ ಭಕ್ತಾದಿಗಳೇ, ಒಂದೇ ಗ್ರಂಥವನ್ನು ಇಬ್ಬರು ಓದಿದರು. ಒಬ್ಬರು ತಮ್ಮವರ ಗೆಲುವಿಗೆ ಸಮರ್ಥನೆಯನ್ನು ಹುಡುಕಿದರು; ಇನ್ನೊಬ್ಬರು ಅದು ತಮ್ಮನ್ನೇ ಪ್ರಶ್ನಿಸಲು ಬಿಟ್ಟರು. ಜಗತ್ತಿನ ಕಲಹಗಳಲ್ಲಿ ಪವಿತ್ರ ವಾಕ್ಯಗಳನ್ನು ಕತ್ತಿಯಂತೆ ಝಳಪಿಸುವವರು ಇಂದೂ ಇದ್ದಾರೆ. ಆದರೆ ನಾವು ದೂರದ ಕಲಹಗಳನ್ನು ಮಾತ್ರ ನೋಡಿದರೆ ಸಾಲದು. ನಮ್ಮ ಹೊಲದ ಕೂಲಿಯಾಳಿಗೆ, ಮನೆಗೆಲಸದ ಹೆಣ್ಣುಮಗಳಿಗೆ ನಾವು ಕೊಡುವ ಸಂಬಳ ನ್ಯಾಯವಾದುದೇ? ಒಂದೇ ಪರಮಪ್ರಸಾದವನ್ನು ಸ್ವೀಕರಿಸುವ ನಾವು ಜಾತಿಯ ಹೆಸರಿನಲ್ಲಿ ಯಾರನ್ನಾದರೂ ದೂರವಿರಿಸಿದ್ದೇವೆಯೇ? ನಾವೂ ಲಾಸ್ ಕಾಸಾಸ್‌ರವರಂತೆ ಕ್ರೂರಿಗಳಲ್ಲದ, ಮೃದುವಾದ ಒಡೆಯರಾಗಿಯೇ ಉಳಿದಿರಬಹುದಲ್ಲವೇ?

ಶತಮಾನೋತ್ಸವದ ಮಹಾಪೂಜೆಯಲ್ಲಿ ಕಾಣಿಕೆಗಳನ್ನು ಹೊತ್ತು ಬಲಿಪೀಠದೆಡೆಗೆ ನಡೆಯುವಾಗ ಸಿರಾಖನ ಆ ಅಧ್ಯಾಯವನ್ನು ನಾವೆಲ್ಲರೂ ಒಮ್ಮೆ ನೆನೆಯೋಣ. ಯಾರಿಗಾದರೂ ಸಲ್ಲಬೇಕಾದುದು ನಮ್ಮಲ್ಲಿ ಉಳಿದಿದ್ದರೆ, ಮೊದಲು ಅದನ್ನು ಸಲ್ಲಿಸೋಣ. ಆಗ ನಮ್ಮ ಕೈಯ ರೊಟ್ಟಿ ನಿರ್ಮಲವಾಗುವುದು. ನಮ್ಮ ದೇವಾಲಯದ ಎರಡನೆಯ ನೂರು ವರ್ಷಗಳು ದೇವರಿಗೆ ಮೆಚ್ಚುಗೆಯಾದ ಅರ್ಪಣೆಯೊಡನೆ ಆರಂಭವಾಗುವುವು.