ಶ್ರೀ ಪುರಂದರದಾಸರು: ಕೊಡುವ ಕೈ, ಬೇಡುವ ಕೈ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. ಆ ದಿನ ಊರೂರುಗಳಲ್ಲಿ ದೇವರನಾಮಗಳ ಗೋಷ್ಠಿಯೂ ಉಪನ್ಯಾಸಗಳೂ ನಡೆಯುವವು. ಮಕ್ಕಳು ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ದಾಸರ ವೇಷದಲ್ಲಿ ನಗರಸಂಕೀರ್ತನೆಗೆ ಹೊರಡುವರು. ಹೂವಿನಿಂದ ಸಿಂಗರಿಸಿದ ಗೋಪಾಳಬುಟ್ಟಿಯನ್ನು ಹಿಡಿದ ಆ ಕಂದಮ್ಮಗಳನ್ನು ಕಂಡು ನಾವೆಲ್ಲರೂ ಹಿಗ್ಗುವೆವು. ಆದರೆ ಅದೇ ಬುಟ್ಟಿಯನ್ನು ಹಸಿದ ಹೆಂಡತಿಮಕ್ಕಳ ಸಲುವಾಗಿ ಹಿಡಿದು, ನಿನ್ನೆಯವರೆಗೆ ತನಗೆ ಕೈಮುಗಿಯುತ್ತಿದ್ದಂಥವರ ಬಾಗಿಲುಗಳಲ್ಲಿ ನಿಲ್ಲಬೇಕಾದರೆ ಒಬ್ಬ ಧನಿಕನ ಮನಸ್ಸು ಎಷ್ಟು ದೂರ ನಡೆದು ಬಂದಿರಬೇಕು? ದಾಸರ ಚರಿತ್ರೆಯ ಸಾರವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ.

ಸಂಪ್ರದಾಯದ ಪ್ರಕಾರ ದಾಸರ ಜನನವು 1484ರಲ್ಲಿ. ಪೂರ್ವಾಶ್ರಮದ ಹೆಸರು ಶ್ರೀನಿವಾಸನಾಯಕ. ತಂದೆ ವರದಪ್ಪನಾಯಕರು ರತ್ನಪಡಿ ವ್ಯಾಪಾರಿಗಳು. ಜನ್ಮಸ್ಥಳವು ಪುಣೆಯ ಬಳಿಯ ಪುರಂದರಗಡವೆಂದು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಮಲೆನಾಡಿನ ತೀರ್ಥಹಳ್ಳಿಯ ಸಮೀಪದ ಆರಗವೆಂದು ಈಚಿನ ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಆ ಚರ್ಚೆ ಹೇಗಾದರೂ ಇರಲಿ, ನಾಯಕನ ಸಂಪತ್ತಿನ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಚಿನ್ನ, ರತ್ನ, ಲೇವಾದೇವಿ, ಒತ್ತೆಯ ವ್ಯವಹಾರ ಇವುಗಳಿಂದ ಬೆಳೆದ ಆತನನ್ನು ಜನರು ನವಕೋಟಿನಾರಾಯಣನೆಂದೇ ಕರೆಯುತ್ತಿದ್ದರು. ಕೋಟಿಗಳ ಲೆಕ್ಕ ಇದ್ದಿತು. ಆ ಕೋಟಿಯಿಂದ ಒಂದು ಕಾಸೂ ಧರ್ಮದ ಖಾತೆಗೆ ಇಳಿಯುತ್ತಿರಲಿಲ್ಲ.

ಮೂಗುತಿಯ ಕಥೆಯನ್ನು ನಮ್ಮ ಮನೆಗಳಲ್ಲಿ ತಿಳಿಯದವರಿಲ್ಲ. ಮಗನ ಉಪನಯನಕ್ಕೆ ದ್ರವ್ಯಸಹಾಯ ಬೇಡಿ ಬಡ ಬ್ರಾಹ್ಮಣನೊಬ್ಬನು ನಾಯಕನ ಅಂಗಡಿಗೆ ಬಂದನು. ನಾಯಕನು ಕೊಡುವೆನೆನ್ನಲಿಲ್ಲ, ಕೊಡೆನೆಂದೂ ಹೇಳಲಿಲ್ಲ. ಮರುದಿನ ಬರುವಂತೆ ಹೇಳಿದನು. ಮರುದಿನವೂ ಅದೇ ಮಾತು. ಹೀಗೆ ತಿಂಗಳುಗಳು ಕಳೆದವು. ಕಡೆಗೆ ಸವೆದುಹೋದ ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಅದರಲ್ಲೊಂದನ್ನು ಆರಿಸಿಕೊಂಡು ಹೋಗೆಂದನು. ಬ್ರಾಹ್ಮಣನು ನೇರವಾಗಿ ನಾಯಕನ ಮನೆಗೆ ಹೋಗಿ ಆತನ ಪತ್ನಿ ಸರಸ್ವತೀಬಾಯಿಯ ಮುಂದೆ ತನ್ನ ಕಷ್ಟವನ್ನು ತೋಡಿಕೊಂಡನು. ಪತಿಯ ಸ್ವತ್ತನ್ನು ಮುಟ್ಟುವ ಸ್ವಾತಂತ್ರ್ಯ ಆಕೆಗಿರಲಿಲ್ಲ. ತವರಿನವರು ಕೊಟ್ಟ ಮೂಗುತಿಯನ್ನು ತೆಗೆದುಕೊಟ್ಟಳು. ಆತನು ಅದನ್ನು ಮಾರಲು ತಂದದ್ದು ನಾಯಕನ ಅಂಗಡಿಗೇ!

ಗುರುತು ಹಿಡಿದ ನಾಯಕನು ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು, ಅದನ್ನು ತೋರಿಸುವಂತೆ ಪತ್ನಿಯನ್ನು ಒತ್ತಾಯಿಸಿದನು. ದಿಕ್ಕು ತೋಚದ ಆ ಸಾಧ್ವಿಯು ವಿಷವನ್ನು ಬಟ್ಟಲಿಗೆ ಹಾಕಿ ಕುಡಿಯಲು ಅಣಿಯಾದಾಗ, ಅದೇ ಮೂಗುತಿಯು ಬಟ್ಟಲೊಳಗೆ ಬಿದ್ದಿತು. ನಾಯಕನು ಅಂಗಡಿಗೆ ಓಡಿಹೋಗಿ ನೋಡಲು, ಬೀಗ ಹಾಕಿದಂತೆಯೇ ಇತ್ತು, ಪೆಟ್ಟಿಗೆ ಬರಿದಾಗಿತ್ತು. ಬ್ರಾಹ್ಮಣನ ಸುಳಿವೂ ಇರಲಿಲ್ಲ. ಬಂದವನು ಸಾಕ್ಷಾತ್ ಶ್ರೀಹರಿಯೆಂದು ಆತನಿಗೆ ಅರಿವಾಯಿತು.

ಈ ಕಥೆಯಲ್ಲಿ ಮೂಗುತಿಯ ಪವಾಡಕ್ಕಿಂತಲೂ ಮನನ ಮಾಡಬೇಕಾದ ಸಂಗತಿಯೊಂದಿದೆ. ಕೋಟಿಗಳ ಒಡೆಯನಾಗಿದ್ದವನು ನಾಯಕ. ಆದರೆ ಆ ಮನೆಯಲ್ಲಿ ಕೊಡಬಲ್ಲವಳಾಗಿದ್ದವಳು ಒಂದು ಮೂಗುತಿಯ ಒಡತಿ ಮಾತ್ರ. ಸಿರಿತನವನ್ನು ಅಳೆಯುವ ನಮ್ಮ ಕೊಳಗ ಎಷ್ಟು ತಪ್ಪಾದುದೆಂಬುದನ್ನು ಇದು ತೋರಿಸುವುದು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ. ಉಳಿದ ಸಮಸ್ತವೂ ಅಸ್ವತಂತ್ರ. ಹಾಗಿದ್ದ ಮೇಲೆ ಜೀವನು ಯಾವ ಹಣಕ್ಕೆ ಒಡೆಯ? ಹೆಚ್ಚೆಂದರೆ ಯಜಮಾನನ ಗಲ್ಲೆಯ ಮುಂದೆ ಕುಳಿತ ಗುಮಾಸ್ತ. ಅಲ್ಲಿಯವರೆಗೆ ಯಜಮಾನನ ಹಣವನ್ನು ತನ್ನದೆಂದು ಬರೆದುಕೊಂಡು ಬಂದಿದ್ದ ಗುಮಾಸ್ತನಿಗೆ, ಯಜಮಾನನೇ ಬಂದು ಲೆಕ್ಕ ಕೇಳಿದಂತಾಯಿತು.

ನಾಯಕನು ಸಮಸ್ತ ಐಶ್ವರ್ಯವನ್ನೂ ದಾನವಿತ್ತು, ಪತ್ನೀಪುತ್ರರೊಡನೆ ಮನೆ ಬಿಟ್ಟನು. ದಾರಿಯಲ್ಲಿ ಕಾಡನ್ನು ದಾಟುವಾಗ ಸರಸ್ವತೀಬಾಯಿಗೆ ಕಳ್ಳರ ಭಯವಾಯಿತಂತೆ. ಏನೂ ಇಲ್ಲದವರಿಗೆ ಭಯವೇಕೆಂದು ವಿಚಾರಿಸಲಾಗಿ, ಮಕ್ಕಳಿಗೆ ನೀರು ಕುಡಿಸಲೆಂದು ಆಕೆ ಚಿನ್ನದ ಬಟ್ಟಲೊಂದನ್ನು ತಂದಿರುವುದು ತಿಳಿಯಿತು. ಬಟ್ಟಲನ್ನು ಎಸೆದೊಡನೆ ಭಯವೂ ಹೋಯಿತೆಂದು ಕಥೆ. ಮುಂದೆ ಅವರು ವಿಜಯನಗರವನ್ನು ಸೇರಿ, ಶ್ರೀ ವ್ಯಾಸರಾಯರ ಪಾದಗಳನ್ನು ಆಶ್ರಯಿಸಿ, ಪುರಂದರವಿಠಲ ಎಂಬ ಅಂಕಿತವನ್ನು ಪಡೆದರು.

ದಾಸರು ಬೇಡಲು ಆರಿಸಿಕೊಂಡ ಊರು ಯಾವುದೆಂಬುದನ್ನು ಗಮನಿಸಬೇಕು. ಅದು ಶ್ರೀಕೃಷ್ಣದೇವರಾಯನ (1509–1529) ರಾಜಧಾನಿ. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಆ ನಗರದ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ರತ್ನಗಳ ಬೆಲೆಯನ್ನು ಕಣ್ಣಿನಲ್ಲೇ ಕಟ್ಟಬಲ್ಲವರಾಗಿದ್ದ ದಾಸರು ಅಂಥ ನಗರದ ಬೀದಿಗಳಲ್ಲಿ ಅಕ್ಕಿಗಾಗಿ ಬುಟ್ಟಿ ಹಿಡಿದು ನಡೆದರು. ಯಾಯಿವಾರದಿಂದ ಬಂದ ಧಾನ್ಯವನ್ನು ದೇವರಿಗೆ ನಿವೇದಿಸಿ, ಅತಿಥಿಗಳೊಡನೆ ಉಂಡು, ಮರುದಿನಕ್ಕೆ ಉಳಿಸದೆ ಇರುವುದು ಅವರ ನಿಯಮ. ರಾಜನು ಪರೀಕ್ಷಿಸಲೆಂದು ಭಿಕ್ಷದ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಕೊಡಿಸಿದನೆಂದೂ, ಸರಸ್ವತೀಬಾಯಿಯು ಅವುಗಳನ್ನು ಕಲ್ಲಿನ ಹರಳುಗಳಂತೆ ಆರಿಸಿ ಹೊರಗೆ ಹಾಕುತ್ತಿದ್ದಳೆಂದೂ ಹಿರಿಯರು ಹೇಳುವರು. ಹಿಂದೆ ಕಾಡಿನಲ್ಲಿ ಬಟ್ಟಲಿಗಾಗಿ ಹೆದರಿದ್ದ ಅದೇ ತಾಯಿ!

ದಾಸರು ವ್ಯಾಪಾರವನ್ನು ಬಿಟ್ಟರೂ ವ್ಯಾಪಾರಿಯ ಭಾಷೆಯನ್ನು ಬಿಡಲಿಲ್ಲ; ಅದನ್ನು ಹರಿಗೆ ಅರ್ಪಿಸಿದರು. ಒಂದು ಕೀರ್ತನೆಯಲ್ಲಿ ಭಗವನ್ನಾಮವನ್ನು ಕಲ್ಲುಸಕ್ಕರೆಯಾಗಿಸಿ, ಎತ್ತಿನ ಮೇಲೆ ಹೇರದೆ, ಸುಂಕ ತೆರದೆ, ನಷ್ಟದ ಭಯವಿಲ್ಲದೆ ಮಾರುತ್ತಾರೆ. ಮತ್ತೊಂದರಲ್ಲಿ ಭಿಕ್ಷಕ್ಕೆ ರಾಗಿ ಕೇಳುತ್ತ, ಬಡವರ ಆ ಧಾನ್ಯದ ಹೆಸರನ್ನೇ ಶ್ಲೇಷವಾಗಿಸಿ, ಗೃಹಸ್ಥನು ಯೋಗ್ಯನಾಗಿ ಬಾಳಬೇಕೆಂಬ ಉಪದೇಶವನ್ನು ಬಾಗಿಲಲ್ಲಿ ನಿಂತು ಮಾಡುತ್ತಾರೆ. ಬುಟ್ಟಿಗೆ ಬಿದ್ದ ಹಿಡಿ ಧಾನ್ಯಕ್ಕಿಂತ ಮನೆಯವರಿಗೆ ಸಂದದ್ದೇ ಹೆಚ್ಚು. ದುಗ್ಗಾಣಿಯೆಂಬ ಸಣ್ಣ ನಾಣ್ಯವು ಜನರನ್ನು ಹೇಗೆ ಆಡಿಸುವುದೆಂಬುದನ್ನು ಹಾಡಿದರು. ಪೂಜೆಯ ನೆಪದಲ್ಲಿ ಕಂಚು ಹಿತ್ತಾಳೆಯ ವಿಗ್ರಹಗಳನ್ನು ಅಂಗಡಿಯಂತೆ ಹರಡಿಕೊಂಡು ಕುಳಿತ ಡಾಂಭಿಕರನ್ನೂ ಬಿಡಲಿಲ್ಲ. ಊರ ಹೊರಗೆ ಇಡಲ್ಪಟ್ಟವನೇ ಹೀನನೆಂಬ ಮಾತನ್ನು ಪ್ರಶ್ನಿಸಿ, ನಡತೆಗೆಟ್ಟವನು ಊರೊಳಗಿದ್ದರೂ ಹೀನನೇ ಎಂದು ಸಾರಿದರು. ಸ್ವತಃ ಲೋಭಿಯಾಗಿದ್ದವರಾದುದರಿಂದಲೇ ಅವರ ಮಾತು ಲೋಭಿಗಳಿಗೆ ನಾಟಿತು.

ಭೇದವು ಪೇಟೆಯಲ್ಲಿ ಮಾತ್ರ ಇರಲಿಲ್ಲ, ಮಠದೊಳಗೂ ಇತ್ತು. ಶ್ರೀ ವ್ಯಾಸರಾಯರು ಕನಕದಾಸರ ಮೇಲೆ ಕೃಪೆ ತೋರಿದಾಗ ಮಠದವರು ಮುನಿಸಿಕೊಂಡ ಸಂಗತಿಯನ್ನು ದಾಸರು ಮರೆಮಾಚದೆ ಒಂದು ಕೀರ್ತನೆಯನ್ನಾಗಿ ಮಾಡಿದ್ದಾರೆ. ಯತಿಗಳ ಔದಾರ್ಯವೂ ನಮ್ಮವರ ಸಣ್ಣತನವೂ ಅದರಲ್ಲಿ ಶಾಶ್ವತವಾಗಿ ಉಳಿದಿವೆ. ನಾವು ತಾರತಮ್ಯವನ್ನು ಒಪ್ಪುವವರು. ಆದರೆ ಆ ತಾರತಮ್ಯವು ಜೀವಸ್ವರೂಪದ್ದು. ಅದಕ್ಕೆ ಒರೆಗಲ್ಲು ಹರಿಭಕ್ತಿ. ಹಣದಿಂದಲೂ ಅಧಿಕಾರದಿಂದಲೂ ಹುಟ್ಟಿದ ಮೇಲುಕೀಳುಗಳನ್ನು ತಾರತಮ್ಯವೆಂದು ಭ್ರಮಿಸುವುದು ಸಿದ್ಧಾಂತಕ್ಕೆ ಮಾಡುವ ಅಪಚಾರ.

ಸರಳೆವರಸೆಯಿಂದ ಮೊದಲಾದ ಪಾಠಕ್ರಮವನ್ನು ಹಾಕಿಕೊಟ್ಟು ದಾಸರು ಕರ್ನಾಟಕಸಂಗೀತಪಿತಾಮಹರೆನಿಸಿದರು. ಬಡವರ ಮಗುವಾಗಲಿ ಸಿರಿವಂತರ ಮಗುವಾಗಲಿ ಇಂದಿಗೂ ಮಾಯಾಮಾಳವಗೌಳದ ಅದೇ ಸ್ವರಗಳಿಂದಲೇ ಕಲಿಕೆಯನ್ನು ಪ್ರಾರಂಭಿಸುವುದು. 1964ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ದಾಸರು ಹರಿಪುರವನ್ನು ಸೇರಿದ್ದು ರಕ್ತಾಕ್ಷಿ ಸಂವತ್ಸರದ (1564–65) ಪುಷ್ಯ ಬಹುಳ ಅಮಾವಾಸ್ಯೆಯಂದು. ಪಂಚಾಂಗದ ಗಣನೆಗೆ ಅದು 1565ರ ಜನವರಿಯ ಮೊದಲ ದಿನಗಳಿಗೆ ಬರುತ್ತದೆ. ಅದೇ ಜನವರಿ 23ರಂದು ರಕ್ಕಸತಂಗಡಿಯ ಯುದ್ಧ ನಡೆದು ಅಳಿಯ ರಾಮರಾಯನು ಹತನಾದನು. ರತ್ನಗಳನ್ನು ಮಾರುತ್ತಿದ್ದ ಆ ಪೇಟೆಗಳು ತಿಂಗಳುಗಟ್ಟಲೆ ಸೂರೆಯಾಗಿ ಬೆಂಕಿಗೆ ತುತ್ತಾದವು. ನವಕೋಟಿಯ ಪೆಟ್ಟಿಗೆಗಳು ಅಲ್ಲಿದ್ದಿದ್ದರೆ ಅವುಗಳಿಗೂ ಅದೇ ಗತಿ. ದಾಸರು ಬುಟ್ಟಿ ಹಿಡಿದು ಬೀದಿಬೀದಿಗಳಲ್ಲಿ ಬಿತ್ತಿದ ಕೀರ್ತನೆಗಳಾದರೋ ಜನರ ಬಾಯಲ್ಲಿದ್ದುದರಿಂದ ಸೂರೆಗಾರರ ಕೈಗೆ ಸಿಕ್ಕಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ, ಬಡತನವನ್ನುಂಡೇ ಬೆಳೆದ ಶ್ರೀ ವಿಜಯದಾಸರು ಆ ಪರಂಪರೆಯನ್ನು ಮತ್ತೆ ಬೆಳಗಿಸಿದರು. ಹಂಪೆಯ ತುಂಗಭದ್ರಾತೀರದಲ್ಲಿ ಪುರಂದರಮಂಟಪವು ಇಂದಿಗೂ ನಿಂತಿದೆ.

ಅರ್ಚಕರ ಮನೆಯಲ್ಲಿ ಬೆಳೆದ ನಾನು, ಮಗನ ಉಪನಯನಕ್ಕೆಂದು ಸಹಾಯ ಬೇಡಿ ದೇವಸ್ಥಾನದ ಜಗಲಿಯ ಮೇಲೆ ಕಾದು ಕುಳಿತವರನ್ನು ಬಾಲ್ಯದಿಂದ ಕಂಡಿದ್ದೇನೆ. ಮೂಗುತಿಯ ಕಥೆಯ ಹರಿಕಥೆಯನ್ನು ಕೇಳಿ ಕಣ್ಣೊರೆಸಿಕೊಂಡು ಹೊರಬಂದವರೇ ಆ ಜಗಲಿಯನ್ನು ದಾಟುವಾಗ, ಮರುದಿನ ನೋಡೋಣವೆಂದು ಹೇಳಿ ನಡೆದುದನ್ನೂ ಕಂಡಿದ್ದೇನೆ. ನಾನೂ ಹಾಗೆ ದಾಟಿಹೋದ ದಿನಗಳುಂಟು. ಎಲ್ಲರೂ ಸರ್ವಸ್ವವನ್ನೂ ತ್ಯಜಿಸಿ ಬುಟ್ಟಿ ಹಿಡಿಯಬೇಕೆಂದು ದಾಸರು ಹೇಳಲಿಲ್ಲ. ಗೃಹಸ್ಥರ ಮನೆಗಳಿಂದಲೇ ಅವರ ಬುಟ್ಟಿ ತುಂಬುತ್ತಿತ್ತು. ಈ ಆರಾಧನೆಯ ದಿನ ದೇವರನಾಮ ಹಾಡುವುದರ ಜೊತೆಗೆ, ಬಾಗಿಲಿಗೆ ಬಂದ ಒಬ್ಬನಿಗೆ ನಾಳೆಯೆನ್ನದೆ ಇಂದೇ ಕೈಲಾದುದನ್ನು ಕೊಡೋಣ. ಬಂದವನು ಯಾರೆಂದು ಶ್ರೀನಿವಾಸನಾಯಕನಿಗೂ ಮೊದಲು ತಿಳಿದಿರಲಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥