ಮರಜರಿಗಳ ಸಂನ್ಯಾಸಿ ಶಾರ್ಲ್ ಪ್ಲೂಮಿಯೆ

ಕೊಡಗು, ಚಿಕ್ಕಮಗಳೂರು ಸೀಮೆಗಳ ಘಟ್ಟದ ಹಳ್ಳಕೊಳ್ಳಗಳಲ್ಲಿ ಅಡ್ಡಾಡಿದವರು ಒಂದು ವಿಚಿತ್ರ ಗಿಡವನ್ನು ಕಂಡಿರಬಹುದು. ದೂರದಿಂದ ನೋಡಿದರೆ ಈಚಲೋ ಬಗನಿಯೋ ಎಂಬ ಭ್ರಾಂತಿ. ಹತ್ತಿರ ಹೋದರೆ ಅದರ ಎಲೆ ನಮ್ಮೂರ ಬಾವಿಯ ಕಲ್ಲುಗೋಡೆಯ ಸಂದಿನಲ್ಲಿ ಬೆಳೆಯುವ ಜರೀಗಿಡದ ಎಲೆಯಂಥದೇ, ಅಳತೆ ಮಾತ್ರ ಆಳಿಗಿಂತ ಉದ್ದ. ಎಳೆಯ ಎಲೆಗಳು ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ನೆತ್ತಿಯಲ್ಲಿ ಕುಳಿತಿರುತ್ತವೆ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಇದೇ ಮರಜರಿ. ಪ್ರಪಂಚದಲ್ಲಿ ಇಂಥವು ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಬಹುಪಾಲು ಉಷ್ಣವಲಯದ ಬೆಟ್ಟಗಾಡುಗಳಲ್ಲಿ, ಅದರಲ್ಲಿಯೂ ದ್ವೀಪಗಳ ಮಳೆಕಾಡುಗಳಲ್ಲಿ ಬೆಳೆಯುತ್ತವೆ. ಒಂದನ್ನು ಕಂಡರೆ ಇನ್ನೊಂದರಂತೆಯೇ ಇರುವ ಈ ಗಿಡಗಳನ್ನು ಬೇರೆಬೇರೆಯಾಗಿ ಗುರುತಿಸಿ, ಚಿತ್ರ ಬರೆದು, ಲೋಕದ ಮುಂದೆ ಇಟ್ಟ ಮೊದಲಿಗರಲ್ಲಿ ಫ್ರಾನ್ಸ್ ದೇಶದ ಒಬ್ಬ ಸಂನ್ಯಾಸಿಯ ಹೆಸರು ಹಿರಿದು. ಅವನೇ ಶಾರ್ಲ್ ಪ್ಲೂಮಿಯೆ.

ಪ್ಲೂಮಿಯೆ ಹುಟ್ಟಿದ್ದು ಕ್ರಿ.ಶ. ೧೬೪೬ನೆಯ ಏಪ್ರಿಲ್ ೨೦ರಂದು, ಮೆಡಿಟರೇನಿಯನ್ ಸಮುದ್ರದ ತೀರದ ಮಾರ್ಸೇಯ್ ಪಟ್ಟಣದಲ್ಲಿ. ಅದು ದೊಡ್ಡ ಬಂದರು. ನಾನಾ ದೇಶದ ಹಡಗುಗಳು ಬಂದು ಹೋಗುವ ಸ್ಥಳ. ಆದರೆ ಹುಡುಗನ ಮನಸ್ಸು ವ್ಯಾಪಾರದ ಕಡೆಗೆ ಹೋಗಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿಯೇ ಅವನು ಮಿನಿಮ್ ಎಂಬ ಕ್ರೈಸ್ತ ಸಂನ್ಯಾಸಿಗಳ ಪಂಥವನ್ನು ಸೇರಿದನು. ಮಿನಿಮ್ ಎಂದರೆ ಎಲ್ಲರಿಗಿಂತ ಕಿರಿಯರು ಎಂದು ಅರ್ಥ. ಈ ಪಂಥದವರು ಜೀವಮಾನವಿಡೀ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ವರ್ಜಿಸುವ ವ್ರತವನ್ನು ಹಿಡಿದವರು. ನಮ್ಮ ದೇಶದ ಏಕಾದಶಿ ಉಪವಾಸಗಳನ್ನು ಬಲ್ಲವರಿಗೆ ಆ ವ್ರತದ ಕಠಿಣತೆ ಅರ್ಥವಾಗದೆ ಇರದು.

ಮಠದಲ್ಲಿ ಅವನು ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿತನು. ಬುದ್ಧಿಯಷ್ಟೇ ಅವನ ಕೈಯೂ ಚುರುಕು. ಶಾಸ್ತ್ರದ ಉಪಕರಣಗಳನ್ನು ತಾನೇ ಮಾಡಿಕೊಳ್ಳುತ್ತಿದ್ದನು. ಚಿತ್ರ ಬರೆಯುವುದರಲ್ಲಿ ನಿಪುಣನಾಗಿದ್ದನು. ನಮ್ಮ ಚನ್ನಪಟ್ಟಣದವರು ಮರವನ್ನು ತಿರುಗಿಸಿ ಬೊಂಬೆ ಕಡೆಯುತ್ತಾರಲ್ಲವೆ, ಆ ಕಡೆತದ ವಿದ್ಯೆಯಲ್ಲಿ ಅವನಿಗೆ ಎಷ್ಟು ಪಾಂಡಿತ್ಯವಿತ್ತೆಂದರೆ, ಮುಂದೆ ೧೭೦೧ರಲ್ಲಿ ಆ ವಿಷಯದ ಮೇಲೆಯೇ ಚಿತ್ರಸಹಿತವಾದ ದೊಡ್ಡ ಗ್ರಂಥವೊಂದನ್ನು ಲಿಯೋನ್ ನಗರದಲ್ಲಿ ಅಚ್ಚು ಹಾಕಿಸಿದನು. ಕಾಡಿನಲ್ಲಿ ಅವನನ್ನು ಕಾಪಾಡಿದ್ದು ಈ ಕೈಚಳಕವೇ ಎಂಬುದನ್ನು ವಾಚಕರು ಮುಂದೆ ನೋಡುವರು.

ಪಂಥದ ಹಿರಿಯರು ಅವನನ್ನು ರೋಮ್ ನಗರದ ಮಠಕ್ಕೆ ಕಳಿಸಿದರು. ಅಲ್ಲಿ ಸಸ್ಯಗಳ ಹುಚ್ಚು ಹಿಡಿಯಿತು. ಸ್ವದೇಶಕ್ಕೆ ಹಿಂತಿರುಗಿದ ಮೇಲೆ, ಆ ಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾದ ತೂರ್ನೆಫೋರನ ಶಿಷ್ಯನಾಗಿ, ದಕ್ಷಿಣ ಫ್ರಾನ್ಸಿನ ಗುಡ್ಡಬೆಟ್ಟಗಳನ್ನು ಅವನೊಡನೆ ಸುತ್ತಿದನು. ತೂರ್ನೆಫೋರನು ಗಿಡಗಳನ್ನು ಹೂವಿನ ದಳಗಳ ಆಕಾರದ ಮೇಲೆ ವಿಂಗಡಿಸುತ್ತಿದ್ದನು. ಹಾಗಾದರೆ ಹೂವೇ ಬಿಡದ ಜರೀಗಿಡಗಳ ಗತಿಯೇನು? ಅವನ್ನೆಲ್ಲ ಪ್ರತ್ಯೇಕವಾಗಿ ಒಂದು ವರ್ಗಕ್ಕೆ ಸೇರಿಸಿ, ಎಲೆ ಎಷ್ಟು ಸೀಳಿದೆ ಎಂಬುದನ್ನು ಮುಖ್ಯವಾಗಿ ನೋಡಿ ಒಳಗಿನ ಭಾಗಗಳನ್ನು ಮಾಡುತ್ತಿದ್ದರು. ಯೂರೋಪಿನಲ್ಲಿ ಬೆಳೆಯುವ ಜರೀಗಿಡಗಳು ಕೆಲವೇ ಆದುದರಿಂದ ಅಷ್ಟರಿಂದಲೇ ಕೆಲಸ ಸಾಗುತ್ತಿತ್ತು.

ಆಗ ಫ್ರಾನ್ಸನ್ನು ಆಳುತ್ತಿದ್ದವನು ಹದಿನಾಲ್ಕನೆಯ ಲೂಯಿ. ಅಮೆರಿಕದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕೆಲವು ಅವನ ವಶದಲ್ಲಿದ್ದುವು. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರು ನೆತ್ತರುಗಳಿಂದ ಅಲ್ಲಿ ಕಬ್ಬಿನ ತೋಟಗಳು ಎದ್ದಿದ್ದುವು. ತೋಟಗಳ ಆಚೆ, ಬೆಟ್ಟದ ಮೇಲೆ, ಯಾವಾಗಲೂ ಮೋಡ ಕವಿದ ಮಳೆಕಾಡು. ಆ ದ್ವೀಪಗಳಲ್ಲಿ ಔಷಧಕ್ಕೆ ಬರುವ ಗಿಡಗಳು ಯಾವುವೆಂದು ತಿಳಿದು ಬರಲು ಸರ್ಕಾರವು ಮಾರ್ಸೇಯಿನ ವೈದ್ಯ ಸೂರಿಯಾನನನ್ನು ನಿಯಮಿಸಿತು. ಮಿಶೆಲ್ ಬೆಗೋನ್ ಎಂಬ ಅಧಿಕಾರಿಯ ಪ್ರೋತ್ಸಾಹ ಇದಕ್ಕೆ ಇತ್ತು. ಚಿತ್ರ ಬರೆಯಲು, ವಿವರಗಳನ್ನು ದಾಖಲಿಸಲು ಪ್ಲೂಮಿಯೆ ಜೊತೆಗೆ ಹೊರಟನು. ಅದು ೧೬೮೯ನೆಯ ಇಸವಿ. ಅವನಿಗೆ ನಲವತ್ತಮೂರು ವರ್ಷ. ಹೊಸ ಜೀವನವನ್ನು ಆರಂಭಿಸುವ ವಯಸ್ಸು ಅದಲ್ಲವೆಂದು ನಾವು ಹೇಳುತ್ತೇವೆ. ಅವನ ಪಾಲಿಗೆ ನಿಜವಾದ ಜೀವನ ಆರಂಭವಾದದ್ದೇ ಆಗ.

ಮಾರ್ಟಿನೀಕ್ ದ್ವೀಪದಲ್ಲಿಯೂ, ಇಂದು ಹೈಟಿ ಎಂದು ಕರೆಯುವ ಸಾಂ ದೊಮಿಂಗಿನಲ್ಲಿಯೂ ಅವನು ಕಾಡು ಹೊಕ್ಕನು. ಯೂರೋಪಿನಲ್ಲಿ ಮೊಣಕಾಲಿನವರೆಗೆ ಬೆಳೆಯುವ ಜರೀಗಿಡ ಇಲ್ಲಿ ಇಪ್ಪತ್ತು ಮೂವತ್ತು ಅಡಿ ಎತ್ತರದ ಮರವಾಗಿ ನಿಂತಿತ್ತು. ಮರವೆಂದರೂ ಅದರಲ್ಲಿ ನಿಜವಾದ ತೇಗು ಹೊನ್ನೆಗಳ ದಾರುವಿಲ್ಲ. ವರ್ಷಗಳು ಕಳೆದರೂ ಕಾಂಡ ಬಳಸಿ ದಪ್ಪವಾಗುವುದಿಲ್ಲ. ಬುಡವನ್ನು ಕಪ್ಪುಬೇರುಗಳ ದಟ್ಟವಾದ ಕವಚ ತಬ್ಬಿ ಹಿಡಿದಿರುತ್ತದೆ. ಹಳೆಯ ಎಲೆ ಕಳಚಿ ಬಿದ್ದಲ್ಲಿ ಕಾಂಡದ ಮೇಲೆ ನಾಣ್ಯದಂಥ ಕಲೆ ಉಳಿಯುತ್ತದೆ.

ಇಂಥ ಮರಜರಿಯ ಜಾತಿಯನ್ನು ಗುರುತಿಸುವುದು ಹೇಗೆ? ಇದು ಇಂದಿಗೂ ಸುಲಭದ ಕೆಲಸವಲ್ಲ. ದೂರದಿಂದ ಎಲ್ಲವೂ ಒಂದೇ ಕೊಡೆ. ಆದುದರಿಂದ ನೋಡಬೇಕಾದದ್ದು ಸಣ್ಣ ಗುರುತುಗಳನ್ನು. ಎಲೆಯ ದಂಟು ನುಣುಪೋ ಮುಳ್ಳೋ. ದಂಟಿನ ಬುಡದಲ್ಲಿ ಇರುವ ಹುರುಪೆಗಳ ಬಣ್ಣ ಬಿಳಿಯೋ ಕಂದೋ, ಅವುಗಳ ಅಂಚು ಹೇಗಿದೆ. ಕಾಂಡದ ಮೇಲೆ ಎಲೆಯ ಕಲೆಗಳು ಹೇಗೆ ಕುಳಿತಿವೆ. ಎಲೆಯ ನರಗಳು ಬಿಡಿಬಿಡಿಯೋ ಒಂದಕ್ಕೊಂದು ಕೂಡಿಕೊಂಡಿವೆಯೋ. ಇವೆಲ್ಲಕ್ಕಿಂತ ಮುಖ್ಯವಾಗಿ, ಎಲೆಯನ್ನು ಮಗುಚಿ ಹಿಂಬದಿಯನ್ನು ನೋಡಬೇಕು. ಅಲ್ಲಿ ರಾಗಿ ಕಾಳಿಗಿಂತ ಸಣ್ಣದಾದ ದುಂಡು ಚುಕ್ಕೆಗಳು ಸಾಲಾಗಿರುತ್ತವೆ. ಧೂಳಿನಂಥ ಬೀಜಾಣುಗಳು ಹುಟ್ಟುವ ಗುಂಪುಗಳು ಅವು. ಕೆಲವು ಜಾತಿಗಳಲ್ಲಿ ಈ ಗುಂಪು ಪುಟ್ಟ ಬಟ್ಟಲಿನಂಥ ಪೊರೆಯೊಳಗೆ ಕುಳಿತಿರುತ್ತದೆ. ಕೆಲವುಗಳಲ್ಲಿ ಪೊರೆ ಅರ್ಧ ಮಾತ್ರ. ಇನ್ನು ಕೆಲವುಗಳಲ್ಲಿ ಪೊರೆಯೇ ಇಲ್ಲ.

ಇನ್ನೊಂದು ತೊಂದರೆಯೂ ಉಂಟು. ಸಸ್ಯಶಾಸ್ತ್ರಜ್ಞರು ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಇಟ್ಟುಕೊಳ್ಳುವುದು ವಾಡಿಕೆ. ಮಲ್ಲಿಗೆಯಂಥ ಗಿಡಕ್ಕೆ ಅದು ಸರಿ. ಎರಡಾಳುದ್ದದ ಎಲೆಯನ್ನು ಯಾವ ಕಾಗದದಲ್ಲಿ ಒತ್ತಬೇಕು? ಮೂವತ್ತಡಿಯ ಕಾಂಡವನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕು? ಎಲೆಯ ತುದಿಯನ್ನು ಮಾತ್ರ ಕಿತ್ತು ತಂದರೆ ಜಾತಿಯ ಗುರುತು ಕಾಡಿನಲ್ಲಿಯೇ ಉಳಿದಂತೆ. ಆದುದರಿಂದ ಗಿಡದ ಬುಡದಲ್ಲಿ ಕುಳಿತು, ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವುದೊಂದೇ ದಾರಿ. ಪ್ಲೂಮಿಯೆ ಹಿಡಿದದ್ದು ಆ ದಾರಿಯನ್ನೇ. ಇಡೀ ಮರ ನಿಂತ ನಿಲುವು, ಕಾಂಡದ ಕಲೆಗಳು, ಎಲೆಯ ಒಂದು ರೆಂಬೆ, ಹಿಂಬದಿಯ ಚುಕ್ಕೆಗಳ ಸಾಲು, ಹೀಗೆ ಒಂದೊಂದನ್ನೂ ರೇಖೆಗಳಲ್ಲಿ ಇಳಿಸಿದನು. ಮಳೆ, ಸೊಳ್ಳೆ, ಜ್ವರ, ಜಾರುವ ಕೆಸರು ಇವುಗಳ ನಡುವೆ ಹಾಳೆಯನ್ನು ಒದ್ದೆಯಾಗದಂತೆ ಕಾಪಾಡಿಕೊಂಡು ಇಷ್ಟನ್ನು ಸಾಧಿಸಬೇಕಾದರೆ ಎಂಥ ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಹಿಂತಿರುಗಿದವನನ್ನು ರಾಜನು ಮನ್ನಿಸಿ ರಾಜಸಸ್ಯಶಾಸ್ತ್ರಜ್ಞನೆಂಬ ಪದವಿಯನ್ನೂ ವರ್ಷಾಶನವನ್ನೂ ಕೊಟ್ಟನು. ೧೬೯೩ರಲ್ಲಿ ಅಮೆರಿಕದ ಸಸ್ಯಗಳನ್ನು ಕುರಿತ ಅವನ ಮೊದಲ ಗ್ರಂಥ ರಾಜಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿದ್ದ ಚಿತ್ರಪಟಗಳು ೧೦೮, ನಮ್ಮ ಜಪಮಾಲೆಯ ಮಣಿಗಳಷ್ಟು; ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಜರೀಗಿಡಗಳವೇ. ಅದೇ ವರ್ಷ ಎರಡನೆಯ ಸಲ, ೧೬೯೫ರಲ್ಲಿ ಮೂರನೆಯ ಸಲ ಅವನು ಆ ದ್ವೀಪಗಳಿಗೆ ಹೋದನು.

ಈ ಯಾತ್ರೆಗಳ ನಡುವೆ ದೊಡ್ಡದೊಂದು ನಷ್ಟ ಸಂಭವಿಸಿತು. ಕಷ್ಟಪಟ್ಟು ಒಣಗಿಸಿ ಕಟ್ಟಿದ ಅವನ ಸಸ್ಯಸಂಗ್ರಹವು ಹಡಗು ಮುಳುಗಿ ಸಮುದ್ರದ ಪಾಲಾಯಿತು. ಬ್ಯಾಂಕಿನ ಗುಮಾಸ್ತರಾದ ನಮಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಲೆಕ್ಕ ಎಷ್ಟು ಸರಿಯಾಗಿದ್ದರೂ ಮೂಲ ವೋಚರು ಕಳೆದುಹೋದರೆ ಅದನ್ನು ನಂಬುವವರು ಯಾರು? ಆದರೆ ಪ್ಲೂಮಿಯೆಯ ಹತ್ತಿರ ಚಿತ್ರಗಳು ಉಳಿದಿದ್ದುವು. ಅವನು ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದನೆಂದರೆ, ಮುಂದೆ ಆ ಚಿತ್ರಗಳೇ ಮೂಲ ವೋಚರುಗಳಾದುವು.

೧೭೦೩ರಲ್ಲಿ ಅಮೆರಿಕದ ಸಸ್ಯಗಳ ನೂರಕ್ಕೂ ಮಿಕ್ಕಿದ ಹೊಸ ಕುಲಗಳನ್ನು ವಿವರಿಸುವ ಗ್ರಂಥವನ್ನು ಹೊರತಂದನು. ಗಿಡಗಳಿಗೆ ವಿದ್ವಾಂಸರ ಹೆಸರನ್ನಿಡುವ ಪದ್ಧತಿಯನ್ನು ಅವನು ಬಹಳವಾಗಿ ಬಳಕೆಗೆ ತಂದನು. ಪೋಷಕನಾದ ಬೆಗೋನನ ಹೆಸರಿನಲ್ಲಿ ಬಿಗೋನಿಯ. ಮಾಂಪೆಲಿಯೆಯ ವಿದ್ವಾಂಸ ಮನ್ಯೋಲನ ಹೆಸರಿನಲ್ಲಿ ಮ್ಯಾಗ್ನೋಲಿಯ. ಹಿಂದಿನ ಶತಮಾನದ ಜರ್ಮನ್ ಪಂಡಿತ ಫುಕ್ಸನ ಹೆಸರಿನಲ್ಲಿ ಫ್ಯೂಷಿಯ. ಬೌಹಿನ್ ಸಹೋದರರ ಹೆಸರಿನಲ್ಲಿ ಬೌಹಿನಿಯ. ಎಲ್ಲರಿಗಿಂತ ಕಿರಿಯರು ಎಂಬ ಪಂಥದವನು ತನ್ನ ಹೆಸರನ್ನು ಎಲ್ಲಿಯೂ ಇಟ್ಟುಕೊಳ್ಳಲಿಲ್ಲ.

ಅವನ ಮುಖ್ಯ ಕೃತಿ ಇನ್ನೂ ಬಾಕಿ ಇತ್ತು. ಅಮೆರಿಕದ ಜರೀಗಿಡಗಳ ಮೇಲಣ ಆ ಮಹಾಗ್ರಂಥಕ್ಕೆ ನೂರೆಪ್ಪತ್ತು ಮಿಕ್ಕಿ ಚಿತ್ರಪಟಗಳು ಸಿದ್ಧವಾಗಿದ್ದುವು. ಅಷ್ಟರಲ್ಲಿ ರಾಜವೈದ್ಯ ಫಾಗೋನನು ಹೊಸ ಕೆಲಸವೊಂದನ್ನು ಮುಂದಿಟ್ಟನು. ಚಳಿಜ್ವರಕ್ಕೆ ರಾಮಬಾಣವೆನಿಸಿದ್ದ ಸಿಂಕೋನ ತೊಗಟೆಯ ನಿಜವಾದ ಮರ ಯಾವುದೆಂದು ಪೆರು ದೇಶಕ್ಕೆ ಹೋಗಿ ನೋಡಿ ಬರಬೇಕು. ಐವತ್ತೆಂಟರ ಮುದುಕ ಇಲ್ಲವೆನ್ನಲಿಲ್ಲ. ಸ್ಪೇನಿನ ಕಾಡಿಜ್ ಸಮೀಪದ ಸಾಂತಾ ಮರಿಯಾ ಬಂದರಿನಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಎದೆಯ ಬೇನೆ ಹಿಡಿದು, ೧೭೦೪ನೆಯ ನವೆಂಬರ್ ೨೦ರಂದು ಅಲ್ಲಿಯೇ ತೀರಿಕೊಂಡನು. ಜರೀಗಿಡಗಳ ಗ್ರಂಥ ರಾಜಮುದ್ರಣಾಲಯದಿಂದ ಹೊರಬಂದದ್ದು ಮರುವರ್ಷ, ೧೭೦೫ರಲ್ಲಿ. ಅದನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಬರೆದವನಿಗೆ ಇರಲಿಲ್ಲ.

ಅವನು ಬಿಟ್ಟುಹೋದ ಆಸ್ತಿ ಮೂವತ್ತೊಂದು ಸಂಪುಟಗಳ ಹಸ್ತಪ್ರತಿ. ಸುಮಾರು ಆರು ಸಾವಿರ ಚಿತ್ರಗಳು. ಅವುಗಳಲ್ಲಿ ಐನೂರೆಂಟನ್ನು ಹಾಲೆಂಡಿನ ಬೂರ್ಹಾವೆ ನಕಲು ಮಾಡಿಸಿಕೊಂಡನು. ಅವುಗಳಿಂದ ಬರ್ಮನ್ ಎಂಬ ಪ್ರಾಧ್ಯಾಪಕನು ೧೭೫೫ರಿಂದ ೧೭೬೦ರವರೆಗೆ ಕಂತುಕಂತಾಗಿ ಅಚ್ಚು ಹಾಕಿಸಿದನು.

ಇನ್ನು ಅವನ ವರ್ಗೀಕರಣ ಉಳಿಯಿತೆ? ಉಳಿಯಲಿಲ್ಲವೆಂದು ಒಪ್ಪಬೇಕು. ಎಲೆ ಎಷ್ಟು ಸೀಳಿದೆಯೆಂಬ ಲೆಕ್ಕದಲ್ಲಿ ಅವನು ಮರಜರಿಗಳನ್ನು ನೆಲದ ಮೇಲಿನ ಸಾಮಾನ್ಯ ಜರೀಗಿಡಗಳ ಜೊತೆಗೇ ಸೇರಿಸಿದ್ದನು. ಸ್ವೀಡನ್ನಿನ ಲಿನೇಯಸ್ ೧೭೫೩ರಲ್ಲಿ ಎಲ್ಲ ಸಸ್ಯಗಳಿಗೂ ಎರಡು ಪದದ ಹೆಸರುಗಳನ್ನಿಟ್ಟಾಗ, ಹಿಂಬದಿಯ ದುಂಡು ಚುಕ್ಕೆಗಳನ್ನು ನೋಡಿ ಬೇರೊಂದು ಕುಲಕ್ಕೆ ಹಾಕಿದನು. ಇಂಗ್ಲೆಂಡಿನ ಸ್ಮಿತ್ ೧೭೯೩ರಲ್ಲಿ ಪೊರೆಯ ಬಟ್ಟಲನ್ನು ಗಮನಿಸಿ, ಗ್ರೀಕ್ ಭಾಷೆಯಲ್ಲಿ ಪುಟ್ಟ ಬಟ್ಟಲೆಂಬ ಅರ್ಥ ಬರುವಂತೆ ಸಯಾಥಿಯ ಎಂಬ ಹೊಸ ಕುಲವನ್ನು ಮಾಡಿದನು. ಬೀಜವಿಲ್ಲದ ಜರೀಗಿಡದ ವಂಶ ಹೇಗೆ ಮುಂದುವರಿಯುತ್ತದೆಂಬ ರಹಸ್ಯವನ್ನು ಜರ್ಮನಿಯ ಹಾಫ್‌ಮೈಸ್ಟರ್ ಬಿಡಿಸಿ ಹೇಳಿದ್ದು ೧೮೫೧ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಬಟ್ಟಲಿಗಿಂತ ದಂಟಿನ ಹುರುಪೆಯೇ ಹೆಚ್ಚು ನಂಬತಕ್ಕ ಗುರುತೆಂದು ವಿದ್ವಾಂಸರು ಕಂಡುಕೊಂಡರು. ಈಚೆಗೆ ಡಿಎನ್ಎ ಪರೀಕ್ಷೆಯೂ ಬಂದಿದೆ; ೨೦೧೬ರ ಅಂತರರಾಷ್ಟ್ರೀಯ ವರ್ಗೀಕರಣವು ಈ ಇಡೀ ಕುಟುಂಬವನ್ನು ಮೂರು ಕುಲಗಳಾಗಿ ಹಂಚಿತು.

ಹೀಗೆ ಪಂಡಿತರ ಕಪಾಟುಗಳು ಮತ್ತೆ ಮತ್ತೆ ಬದಲಾದುವು. ಆದರೆ ಪ್ರತಿಯೊಂದು ಸಲವೂ ಅವರು ಹಿಂತಿರುಗಿ ನೋಡಿದ್ದು ಪ್ಲೂಮಿಯೆಯ ಚಿತ್ರಗಳನ್ನು. ಲಿನೇಯಸ್ ವೆಸ್ಟ್ ಇಂಡೀಸಿನ ಹಲವು ಜರೀಗಿಡಗಳಿಗೆ ಹೆಸರಿಟ್ಟದ್ದು ಅವುಗಳ ಆಧಾರದ ಮೇಲೆಯೇ. ಸಯಾಥಿಯ ಅರ್ಬೋರಿಯ ಎಂಬ ಆ ದ್ವೀಪಗಳ ಪ್ರಸಿದ್ಧ ಮರಜರಿಯ ಹೆಸರಿಗೆ ಇಂದಿಗೂ ಪ್ರಮಾಣವೆನಿಸಿರುವುದು ಅವನ ಗ್ರಂಥದ ಮೊದಲ ಚಿತ್ರಪಟಗಳು. ಅವನ ಅಭಿಪ್ರಾಯವನ್ನು ಕಾಲ ತಿದ್ದಿತು. ಅವನ ಕಣ್ಣು ಕಂಡದ್ದನ್ನು ತಿದ್ದಬೇಕಾಗಿ ಬರಲಿಲ್ಲ.

ನಮಗೂ ಅವನಿಗೂ ಎಲ್ಲಿಯ ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಬಸವನಪಾದದ ಗಿಡ ಶಾಸ್ತ್ರದಲ್ಲಿ ಬೌಹಿನಿಯ ಕುಲಕ್ಕೆ ಸೇರಿದೆ. ನಮ್ಮ ಹೆಣ್ಣುಮಕ್ಕಳು ಮುಡಿಯುವ ಕೆಂಡಸಂಪಿಗೆಯನ್ನು ಈಗಿನ ಪಂಡಿತರು ಮ್ಯಾಗ್ನೋಲಿಯ ಕುಲಕ್ಕೇ ಸೇರಿಸಿದ್ದಾರೆ. ಎರಡೂ ಅವನು ಕೊಟ್ಟ ಹೆಸರುಗಳು. ತನ್ನ ಹೆಸರನ್ನು ತಾನು ಇಟ್ಟುಕೊಳ್ಳದ ಶಿಷ್ಯನನ್ನು ಗುರು ತೂರ್ನೆಫೋರ್ ಮರೆಯಲಿಲ್ಲ. ಅಮೆರಿಕದ ಒಂದು ಹೂಮರಕ್ಕೆ ಪ್ಲೂಮೇರಿಯ ಎಂದು ಹೆಸರಿಟ್ಟನು. ಆ ಮರ ಸಮುದ್ರ ದಾಟಿ ಬಂದು, ನಮ್ಮ ಗುಡಿಗಳ ಅಂಗಳದಲ್ಲಿ ನಮ್ಮದೇ ಎಂಬಂತೆ ಬೇರು ಬಿಟ್ಟಿದೆ. ಊರಿನಲ್ಲಿ ನಾವು ಅದನ್ನು ದೇವಕಣಗಿಲೆ ಎನ್ನುತ್ತೇವೆ; ಈ ಮುಂಬಯಿಯ ನೆರೆಹೊರೆಯವರು ಚಾಫಾ ಎನ್ನುತ್ತಾರೆ. ಹುಟ್ಟಿದ ನೆಲವನ್ನು ಬಿಟ್ಟು ಬಂದ ಆ ಮರ ಇಲ್ಲಿಯೂ ವರ್ಷವರ್ಷ ಹೂ ಬಿಡುತ್ತಿದೆ. ಮುಂದಿನ ಸಲ ಮಕ್ಕಳು ಅದರ ಕೆಳಗೆ ಹೂ ಆರಿಸುವಾಗ, ಹೂವಿಲ್ಲದ ಗಿಡಗಳಿಗಾಗಿ ಬಾಳು ಸವೆಸಿದ ಈ ಸಂನ್ಯಾಸಿಯ ಕಥೆಯನ್ನು ಅವರಿಗೆ ಹೇಳೋಣ.