ಫ್ಲಾರೆನ್ಸ್ ನೈಟಿಂಗೇಲ್: ಸೇವೆಗೆ ಅರಿವಿನ ಬೆಳಕು

ರೋಗಿಗಳ ಶುಶ್ರೂಷೆಯೆಂದೊಡನೆ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ನೆನಪಿಗೆ ಬರುವುದು ಸಹಜ. ನಡುರಾತ್ರಿಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸಂಚರಿಸುವ ಕರುಣಾಮಯಿಯ ಚಿತ್ರ ಶಾಲಾ ಬಾಲಕರಿಗೂ ಪರಿಚಿತವಾದುದು. ಆದರೆ ಆ ಮಹಾತಾಯಿ ಶುಶ್ರೂಷಕಿಯರ ಕೈಗೆ ದೀಪದೊಂದಿಗೆ ಲೇಖನಿಯನ್ನೂ ಕೊಟ್ಟರೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕರುಣೆಗೆ ಅರಿವಿನ ಆಧಾರವಿರಬೇಕೆಂಬುದೇ ಅವರ ಜೀವನದ ಸಾರ.

ಶ್ರೀಮಂತ ಆಂಗ್ಲ ಮನೆತನವೊಂದರಲ್ಲಿ, 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಅವರು ಜನಿಸಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆಯವರೇ ಗುರುವಾಗಿ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದರು. ಗಣಿತದಲ್ಲಂತೂ ಬಾಲೆಗೆ ಅಪಾರ ಆಸಕ್ತಿ. ದಾದಿಯ ವೃತ್ತಿ ಹೀನವೆಂದು ಭಾವಿಸಲಾಗಿದ್ದ ಆ ಕಾಲದಲ್ಲಿ ಮನೆಯವರ ವಿರೋಧವನ್ನು ಎದುರಿಸಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳು ಶುಶ್ರೂಷಾ ಶಿಕ್ಷಣ ಪಡೆದರು. 1853ರಲ್ಲಿ ಲಂಡನ್ನಿನ ಮಹಿಳಾ ಚಿಕಿತ್ಸಾಲಯವೊಂದರ ಮೇಲ್ವಿಚಾರಕಿಯಾದರು.

ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ಅವರು ತುರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಯನ್ನು ತಲುಪಿದರು. ಅಲ್ಲಿ ಹಾಸಿಗೆಯಿಲ್ಲ, ಶುಭ್ರವಸ್ತ್ರವಿಲ್ಲ, ಯೋಗ್ಯ ಆಹಾರವಿಲ್ಲ. ಅಡುಗೆಮನೆ, ಬಟ್ಟೆ ಒಗೆಯುವ ಶಾಲೆಗಳನ್ನು ಏರ್ಪಡಿಸಿ ಹಗಲಿರುಳು ದುಡಿದರೂ ಮೃತ್ಯುವಿನ ಕೈ ತಡೆಯಲಾಗಲಿಲ್ಲ. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ ಸುಮಾರು 42 ಮಂದಿ ಅಸುನೀಗಿದರು. ಮಾರ್ಚ್ ತಿಂಗಳಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಬಂದು, ಕಟ್ಟಡದ ಕೆಳಗೆ ತುಂಬಿ ನಿಂತಿದ್ದ ಚರಂಡಿಗಳನ್ನು ತೊಳೆಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಯಾಡುವಂತೆ ಮಾಡಿತು. ಕೆಲವೇ ತಿಂಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದಾಗ ರಾಷ್ಟ್ರವೇ ಅವರನ್ನು ಕೊಂಡಾಡಿತು. ಅವರು ಮಾತ್ರ ಹೊಗಳಿಕೆಗೆ ಕಿವಿಗೊಡದೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಸಾವಿನ ಲೆಕ್ಕಗಳನ್ನು ಪರಿಶೀಲಿಸತೊಡಗಿದರು. ಆಹಾರದ ಕೊರತೆ, ಅತಿಯಾದ ದುಡಿತ, ತಡವಾಗಿ ದೊರೆತ ಚಿಕಿತ್ಸೆಗಳೇ ಸೈನಿಕರನ್ನು ಕೊಂದವೆಂದು ಅವರು ಮೊದಲು ನಂಬಿದ್ದರು. ಅಂಕಿ ಅಂಶಗಳು ಬೇರೊಂದು ಸತ್ಯವನ್ನು ಹೇಳಿದವು: ತಾವು ಸೇವೆ ಸಲ್ಲಿಸಿದ ಆಸ್ಪತ್ರೆಯ ಮಾಲಿನ್ಯವೇ ಮುಖ್ಯ ಮೃತ್ಯುಕಾರಣವಾಗಿತ್ತು. ಈ ಕಹಿಸತ್ಯವನ್ನು ಮುಚ್ಚಿಡಲು ಅವರ ಮನಸ್ಸು ಒಪ್ಪಲಿಲ್ಲ. 1858ರಲ್ಲಿ ವಿಸ್ತಾರವಾದ ವರದಿ ಮುದ್ರಿಸಿ, ಅಂಕಿಗಳ ಅರ್ಥ ಒಂದೇ ನೋಟಕ್ಕೆ ಹೊಳೆಯುವಂತೆ ವೃತ್ತಾಕಾರದ ಬಣ್ಣದ ನಕ್ಷೆಗಳನ್ನು ರಚಿಸಿ ಅಧಿಕಾರಸ್ಥರ ಮುಂದಿಟ್ಟರು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು.

ಸಾರ್ವಜನಿಕರು ಅರ್ಪಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆ ಸ್ಥಾಪನೆಗೊಂಡಿತು. ವಿದ್ಯಾರ್ಥಿನಿಯರು ಹುಣ್ಣು ಕಟ್ಟಲು, ಹಾಸಿಗೆ ಹಾಸಲು ಕಲಿತರೆ ಸಾಲದು. ರೋಗಿಯ ನಾಡಿ, ನಿದ್ರೆ, ಹಸಿವು, ಉಸಿರಾಟಗಳನ್ನು ಸೂಕ್ಷ್ಮವಾಗಿ ಗಮನಿಸಿ, ಕಂಡುದನ್ನು ಕಂಡಂತೆ ಬರೆದಿಡಬೇಕಾಗಿತ್ತು. ಊಹೆಗೂ ಪ್ರತ್ಯಕ್ಷಕ್ಕೂ ಇರುವ ಅಂತರವನ್ನು ತಿಳಿಯುವುದೇ ಶುಶ್ರೂಷಕಿಯ ಮೊದಲ ಪಾಠ. ಅವರು ಬರೆದ ದಿನಚರಿಗಳನ್ನು ನೈಟಿಂಗೇಲರು ಸ್ವತಃ ಓದುತ್ತಿದ್ದರು. ಎಲ್ಲ ಆಸ್ಪತ್ರೆಗಳೂ ಒಂದೇ ಮಾದರಿಯಲ್ಲಿ ಲೆಕ್ಕವಿಡಬೇಕೆಂಬ ಅವರ ಯೋಜನೆ ಅದೇ ವರ್ಷ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಚರ್ಚೆಗೊಂಡಿತು.

ಈ ತತ್ತ್ವಕ್ಕೆ ಕಠಿಣ ಪರೀಕ್ಷೆಯೂ ಒದಗಿತು. ಸೂಲಗಿತ್ತಿಯರ ಶಿಕ್ಷಣಕ್ಕಾಗಿ ಅವರ ನಿಧಿಯ ನೆರವಿನಿಂದ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವೊಂದು ನಡೆಯುತ್ತಿತ್ತು. ಅಲ್ಲಿ ಬಾಣಂತಿ ಜ್ವರದಿಂದ ತಾಯಂದಿರು ಸಾಯತೊಡಗಿದುದು ಲೆಕ್ಕದಿಂದ ಸ್ಪಷ್ಟವಾಗಲು, 1867ರಲ್ಲಿ ಆ ವಿಭಾಗವನ್ನು ಮುಚ್ಚಲಾಯಿತು. ಸಾಕ್ಷ್ಯದ ಮುಂದೆ ಸ್ವಂತ ಸಂಸ್ಥೆಯ ಮಮತೆ ಅಡ್ಡ ಬರಲಿಲ್ಲ. ಅನೇಕ ಹೆರಿಗೆಮನೆಗಳ ಅಂಕಿಗಳನ್ನು ಹೋಲಿಸಿ 1871ರಲ್ಲಿ ಅವರು ಗ್ರಂಥವೊಂದನ್ನೇ ಪ್ರಕಟಿಸಿದರು.

ಭಾರತಕ್ಕೆ ಅವರು ಎಂದೂ ಬರಲಿಲ್ಲ. ಆದರೂ ಇಲ್ಲಿಯ ಸೇನಾ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಶೋಧಿಸಿದರು. ಬೆಂಗಳೂರು ದಂಡು ಪ್ರದೇಶದ ಹಲಸೂರು ಕೆರೆಗೆ ಪೇಟೆಯ ಕೊಳಚೆ ಸೇರುತ್ತಿದ್ದುದೂ ಅವರ ಗಮನಕ್ಕೆ ಬಂದಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ರಾಜ ಆಯೋಗದ ವರದಿ ತೋರಿಸಿತು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿದುದನ್ನು ಅವರು ತೃಪ್ತಿಯಿಂದ ದಾಖಲಿಸಿದರು. ಮುಂದೆ ಭಾರತೀಯ ರೈತರ ಬರಗಾಲದ ಬವಣೆಯೂ ಅವರ ಚಿಂತನೆಯ ವಿಷಯವಾಯಿತು.

ಯುದ್ಧಭೂಮಿಯಲ್ಲಿ ಅಂಟಿದ ಕಾಯಿಲೆ ಅವರ ದೇಹವನ್ನು ಜರ್ಜರಗೊಳಿಸಿತ್ತು. 1857ರಿಂದ ಬಹುಕಾಲ ಹಾಸಿಗೆ ಹಿಡಿದಿದ್ದರೂ ಲೇಖನಿ ನಿಲ್ಲಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಪ್ರಥಮ ಮಹಿಳೆಯಾದರು. 1910ರ ಆಗಸ್ಟ್ 13ರಂದು, ತೊಂಬತ್ತರ ಇಳಿವಯಸ್ಸಿನಲ್ಲಿ ಇಹಲೋಕ ತ್ಯಜಿಸಿದರು. ಅವರ ಜನ್ಮದಿನವನ್ನು ವಿಶ್ವ ದಾದಿಯರ ದಿನವಾಗಿ ಆಚರಿಸಲಾಗುತ್ತಿದೆ. ಭಾರತ ಸರ್ಕಾರ 1973ರಲ್ಲಿ ಅವರ ಹೆಸರಿನ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ಥಾಪಿಸಿತು.

ಅರಿವಿಲ್ಲದ ಆಚಾರ ಕುರುಡು, ಆಚಾರವಿಲ್ಲದ ಅರಿವು ಬರಡು ಎಂಬುದು ಶರಣಧರ್ಮದಲ್ಲಿ ಬೆಳೆದವರಿಗೆ ಹೊಸ ಮಾತಲ್ಲ. ದೂರದ ನಾಡಿನ ಆ ಮಹಿಳೆ ರೋಗಿಯ ಹಾಸಿಗೆಯ ಬಳಿಯಲ್ಲಿ ಇವೆರಡನ್ನೂ ಕೂಡಿಸಿದರು. ಮಾಡಿದ ಸೇವೆಯ ಫಲವನ್ನು ತೂಗಿ ನೋಡುವ, ತಪ್ಪು ಕಂಡಲ್ಲಿ ತಿದ್ದಿಕೊಳ್ಳುವ ಧೈರ್ಯವೇ ಅವರ ಕಾಯಕದ ಹಿರಿಮೆ. ಆಸ್ಪತ್ರೆಯಂತೆ ಶಾಲೆಗೂ ಈ ಆದರ್ಶ ಸಲ್ಲುವಂಥದು.